ಫಾದರ್ ಮುಲ್ಲರ್ ಮಾರಿದ ಸಕ್ಕರೆ ಗುಳಿಗೆ

ಮೈಸೂರಿನ ಮಂಡಿ ಮೊಹಲ್ಲಾದಲ್ಲಿ 1906ರಲ್ಲಿ ಶುರುವಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು ಊರವರು ಇವತ್ತಿಗೂ ಕರೆಯೋದು ಮಿಷನ್ ಆಸ್ಪತ್ರೆ ಅಂತಲೇ. ಮಿಷನ್ ಆಸ್ಪತ್ರೆ ಅಂದ ಕೂಡಲೇ ನಮ್ಮಲ್ಲಿ ಎರಡೇ ಜಗಳ: ಸೇವೆಯೋ, ಮತಾಂತರವೋ? ದುಡ್ಡು ಎಲ್ಲಿಂದ ಬಂತು, ಅದನ್ನು ಯಾರಿಗೆ ಖರ್ಚು ಮಾಡಿದರು ಅಂತ ಕೇಳೋರು ಕಡಿಮೆ. ಘಟ್ಟದ ಕೆಳಗೆ ಒಬ್ಬರ ಇಡೀ ಬದುಕು ಈ ಲೆಕ್ಕದಲ್ಲೇ ಕಳೆಯಿತು.

ಆಗಸ್ಟಸ್ ಮುಲ್ಲರ್ 1841ರಲ್ಲಿ ಜರ್ಮನಿಯ ವೆಸ್ಟ್‌ಫಾಲಿಯಾದಲ್ಲಿ ಹುಟ್ಟಿದವರು. ಜೆಸ್ವಿಟ್ ಪಾದ್ರಿ. 1878ರ ಕೊನೆಗೆ ಮಂಗಳೂರಿಗೆ ಬಂದು ಸಂತ ಅಲೋಶಿಯಸ್ ಕಾಲೇಜಲ್ಲಿ ಪಾಠ ಹೇಳಿದರು. ಹೋಮಿಯೋಪತಿ ಗೊತ್ತಿತ್ತು. 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗಾಗಿ ಔಷಧಾಲಯ ತೆರೆದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಸ್ಪತ್ರೆ, 1902ರಲ್ಲಿ ಪ್ಲೇಗ್ ಆಸ್ಪತ್ರೆ.

ಔಷಧಾಲಯ ಸರಿ, ಕುಷ್ಠರೋಗಿಯ ಹಾಸಿಗೆ ಹಾಗಲ್ಲ. ಮನೆಯವರೇ ಹೊರಗಟ್ಟಿದವನು ಒಳಗೆ ಬಂದರೆ ವರ್ಷಗಟ್ಟಲೆ ಅಲ್ಲೇ ಇರುತ್ತಾನೆ. ಅವನಿಗೆ ಅನ್ನ ಹಾಕುವ ದುಡ್ಡು ಇನ್ನೊಬ್ಬ ರೋಗಿಗೆ ಸಿಗೋದಿಲ್ಲ. ಮುಲ್ಲರ್ ಕಂಡುಕೊಂಡ ದಾರಿ: ಕಂಕನಾಡಿಯಿಂದ ಹೋಮಿಯೋಪತಿ ಔಷಧಿಯನ್ನು ಅಂಚೆಯಲ್ಲಿ ದೂರದೂರಕ್ಕೆ ಮಾರೋದು, ಬಂದ ಲಾಭವನ್ನು ಬಡರೋಗಿಗಳಿಗೆ ಹಾಕೋದು. ದೇಣಿಗೆಗಾಗಿ ಕೈಚಾಚುವುದಕ್ಕಿಂತ ಗೌರವದ ದಾರಿ ಅನ್ನಿಸುತ್ತೆ, ಅಲ್ವಾ?

ಆದರೆ ಹೋಮಿಯೋಪತಿ ಯಾವುದೇ ಕಾಯಿಲೆಗೆ ಕೆಲಸ ಮಾಡುತ್ತೆ ಅನ್ನೋದಕ್ಕೆ ನಂಬುವಂಥ ಪುರಾವೆ ಇಲ್ಲ ಅಂತ ಆಸ್ಟ್ರೇಲಿಯಾದ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಮಂಡಳಿ 2015ರಲ್ಲಿ ಹೇಳಿತು. 2015ರ ತಕ್ಕಡಿಯಲ್ಲಿ 1890ನ್ನು ತೂಗೋದು ಸುಲಭ. ಕುಷ್ಠಕ್ಕೆ ಡ್ಯಾಪ್ಸೋನ್, ಪ್ಲೇಗ್‌ಗೆ ಸ್ಟ್ರೆಪ್ಟೊಮೈಸಿನ್ ಬಂದದ್ದು 1940ರ ದಶಕದಲ್ಲಿ. ಅಲ್ಲಿಯವರೆಗೆ ಅಲೋಪತಿ ವೈದ್ಯರ ಕೈಯೂ ಹೆಚ್ಚುಕಮ್ಮಿ ಖಾಲಿಯೇ. ಕಂಕನಾಡಿಯ ರೋಗಿಗೆ ನಿಜಕ್ಕೂ ಸಿಕ್ಕಿದ್ದು ಸೂರು, ಊಟ, ಹುಣ್ಣು ತೊಳೆದು ಬಟ್ಟೆ ಕಟ್ಟುವ ಕೈ.

ನನಗೆ ಕಸಿವಿಸಿ ಆಗೋದು ಅಂಚೆಯಲ್ಲಿ ತರಿಸಿಕೊಂಡವರ ಬಗ್ಗೆ. ಅವರಿಗೆ ಸೂರೂ ಇಲ್ಲ, ಊಟವೂ ಇಲ್ಲ, ಬರೀ ಗುಳಿಗೆ. ಗುಳಿಗೆ ನಂಬಿ ಬೇರೆ ವೈದ್ಯರ ಹತ್ತಿರ ಹೋಗದೆ ಉಳಿದವರು ಇದ್ದಿದ್ದರೆ, ಅವರ ಲೆಕ್ಕ ಯಾವ ಪುಸ್ತಕದಲ್ಲೂ ಬರೋದಿಲ್ಲ. ಮುಲ್ಲರ್ ಮೋಸಗಾರರಲ್ಲ, ಆ ಔಷಧಿಯನ್ನು ಮನಸಾರೆ ನಂಬಿದ್ದವರು. ನಂಬಿಕೆಯೇ ಬಂಡವಾಳವಾದಾಗ ಅದನ್ನು ಅನುಮಾನದಿಂದ ನೋಡೋದು ಎಷ್ಟು ದುಬಾರಿ ಅಂತ ಯೋಚಿಸಿ. ಗುಳಿಗೆ ಸುಳ್ಳಾದರೆ ಕುಷ್ಠರೋಗಿಗಳ ಅನ್ನಕ್ಕೇ ಕುತ್ತು.

1907ರಲ್ಲಿ ಬ್ರಿಟಿಷ್ ಸರ್ಕಾರ ಅವರಿಗೆ ಕೈಸರ್-ಇ-ಹಿಂದ್ ಪದಕ ಕೊಟ್ಟಿತು. 1910ರ ನವೆಂಬರ್ 1ರಂದು ತೀರಿಕೊಂಡರು. ಇವತ್ತು ಅವರದೇ ಹೆಸರಲ್ಲಿ ಮಂಗಳೂರಿನಲ್ಲಿ ಹೋಮಿಯೋಪತಿ ಕಾಲೇಜೂ ಇದೆ, ಅಲೋಪತಿ ಮೆಡಿಕಲ್ ಕಾಲೇಜೂ ಇದೆ.