ಮೈಲಾರ ಮಹಾದೇವಪ್ಪನವರ ದಿನಚರಿ

ಕಮತಗಿಯಲ್ಲಿ ಬೋಧನಾಭ್ಯಾಸದ ಅವಧಿಗೆ ಮೈಲಾರ ಮಹಾದೇವಪ್ಪನವರ ಜೀವನವನ್ನು ನಾನೇ ಆರಿಸಿಕೊಂಡೆ. ಎಂಟನೇ ತರಗತಿಗೆ ನೇಕಾರಿಕೆ ಕುರಿತು ಒಂದು ಯೋಜನಾಕಾರ್ಯವನ್ನೂ ಕೊಟ್ಟಿದ್ದೆ. ಕೊಟ್ಟವನು ಎರಡು ವಾರ ಅದರತ್ತ ತಿರುಗಿ ನೋಡಲಿಲ್ಲ.

ಮಹಾದೇವಪ್ಪನವರು ಹುಟ್ಟಿದ್ದು 1911ರ ಜೂನ್ 8ರಂದು, ಹಾವೇರಿ ಜಿಲ್ಲೆಯ ಮೋಟೆಬೆನ್ನೂರಿನಲ್ಲಿ. ಹದಿನೆಂಟರ ಪ್ರಾಯಕ್ಕೆ ಸಾಬರಮತಿ ಆಶ್ರಮದಲ್ಲಿದ್ದರು. 1930ರ ಮಾರ್ಚ್ 12ರಂದು ಗಾಂಧೀಜಿಯವರ ಜೊತೆ ದಂಡಿಗೆ ಹೊರಟ 78 ಮಂದಿಯಲ್ಲಿ ಕರ್ನಾಟಕದವರು ಅವರೊಬ್ಬರೇ. ಇಪ್ಪತ್ತನಾಲ್ಕು ದಿನ, ಸುಮಾರು 385 ಕಿಲೋಮೀಟರ್ ನಡಿಗೆ. ನಾನು ಪಾಠಯೋಜನೆಯಲ್ಲಿ ಒತ್ತು ಕೊಟ್ಟಿದ್ದು ಈ ದೂರಕ್ಕೆ. ಆದರೆ ಮಕ್ಕಳು ಹಿಡಿದದ್ದು ಬೇರೆ ಮಾತನ್ನು. ಎಷ್ಟೇ ದಣಿದಿರಲಿ, ಯಾತ್ರಿಗಳು ದಿನವೂ ಪ್ರಾರ್ಥನೆ ಮಾಡಬೇಕು, ನೂಲಬೇಕು, ದಿನಚರಿ ಬರೆಯಬೇಕು. ಇದು ಅವರೆಲ್ಲರಿಗೂ ಇದ್ದ ಕಟ್ಟಳೆ. ನೂತ ನೂಲಿಗೆ ಲೆಕ್ಕ, ಕಳೆದ ದಿನಕ್ಕೆ ಬರಹ. ಗುರಿ ದಂಡಿಯಾದರೂ ಹಿಂತಿರುಗಿ ನೋಡುವ ಕೆಲಸ ದಂಡಿ ಮುಟ್ಟುವ ತನಕ ಕಾಯುತ್ತಿರಲಿಲ್ಲ.

ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ನಮ್ಮಪ್ಪನೂ ಹಂಗ ಮಾಡ್ತಾನ್ರೀ ಸರ್, ಎಳಿ ಹರದ್ರ ಸೀರಿ ಮುಗಿಯೂತನಕ ಬಿಡೂದಿಲ್ಲ, ಅಲ್ಲೇ ಗಂಟ್ ಹಾಕ್ತಾನ ಅಂದಳು. ಮೇಲ್ವಿಚಾರಕರು ಹಿಂದೆ ಕೂತು ಬರೆದುಕೊಳ್ಳುತ್ತಿದ್ದರು. ನನಗೆ ಮುಖ ಬಿಸಿಯಾಯಿತು. ನಾನು ಕೊಟ್ಟ ಕೆಲಸದಲ್ಲಿ ಎಷ್ಟು ಎಳೆ ಹರಿದಿವೆಯೋ ನನಗೇ ಗೊತ್ತಿರಲಿಲ್ಲ.

ಉಳಿದ ಜೀವನವನ್ನು ಅವಸರದಲ್ಲೇ ಹೇಳಿದೆ. ಊರಿಗೆ ಮರಳಿ ಕೊರಡೂರಿನಲ್ಲಿ ಆಶ್ರಮ ಕಟ್ಟಿದರು, ಖಾದಿ ಮತ್ತು ಗ್ರಾಮಸೇವೆಗೆ ನಿಂತರು. ಪತ್ನಿ ಸಿದ್ದಮ್ಮನವರೂ ಹೋರಾಟದಲ್ಲಿ ಜೈಲು ಕಂಡವರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ, ಸರ್ಕಾರ ಕೂಡಿಟ್ಟಿದ್ದ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಹೋದಾಗ ಪೊಲೀಸರ ಗುಂಡಿಗೆ ಬಲಿಯಾದರು. ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಅವರೂ ಜೊತೆಗೇ ತೀರಿಕೊಂಡರು. ಮಹಾದೇವಪ್ಪನವರಿಗೆ ಆಗ ಮೂವತ್ತೆರಡು ತುಂಬಿರಲಿಲ್ಲ.

ಮರುದಿನದಿಂದ ಪ್ರತಿ ಅವಧಿಯ ಕೊನೆಯ ಐದು ನಿಮಿಷವನ್ನು ಯೋಜನಾಕಾರ್ಯಕ್ಕೆ ಬಿಟ್ಟೆ. ಒಂದು ದಿನಕ್ಕೆ ಒಂದೇ ಗುಂಪು: ನಿನ್ನೆಯಿಂದ ಏನಾಯಿತು, ಎಲ್ಲಿ ನಿಂತಿದೆ, ನಾಳೆ ಯಾರು ಏನು ಮಾಡಬೇಕು. ಆರು ಗುಂಪು, ವಾರಕ್ಕೆ ಒಂದು ಸುತ್ತು. ಮೊದಲ ಸುತ್ತಿನಲ್ಲೇ ಎರಡು ಗುಂಪಿನವರು ಒಂದೇ ಮಗ್ಗದ ಮನೆಗೆ ಹೋಗಿ ಅದೇ ಪ್ರಶ್ನೆ ಕೇಳಿ ಬಂದದ್ದು ತಿಳಿಯಿತು. ಶನಿವಾರದ ಅವಧಿ ಚಿಕ್ಕದು, ಅಂದಿನ ಗುಂಪಿಗೆ ಎರಡೇ ನಿಮಿಷ ಸಿಗುತ್ತಿತ್ತು. ಅದನ್ನೂ ಬಿಡಲಿಲ್ಲ.