ಬೈದು ಬಾಯಿ ಮುಚ್ಚಿಸಲು ಬಂದವರ ಮುಂದೆ ಲೆಕ್ಕ ಇಟ್ಟ ಐಡಾ ಬಿ. ವೆಲ್ಸ್

ಟಿಕೆಟ್ ಮೊದಲ ದರ್ಜೆಯದು. ಕುಳಿತದ್ದು ಮಹಿಳೆಯರ ಬೋಗಿಯಲ್ಲಿ. ಆದರೂ ಅಮೆರಿಕದ ಟೆನ್ನೆಸ್ಸಿ ರಾಜ್ಯದ ರೈಲೊಂದರಲ್ಲಿ ಕಂಡಕ್ಟರ್ ಬಂದು, ಧೂಮಪಾನಿಗಳ ಬೋಗಿಗೆ ಹೋಗುವಂತೆ ಆ ಕಪ್ಪು ವರ್ಣದ ಶಿಕ್ಷಕಿಗೆ ಹೇಳಿದ. ಒಪ್ಪದಿದ್ದಾಗ ಎಳೆದು ಹೊರಹಾಕಲಾಯಿತು. ಅವರೇ ಐಡಾ ಬಿ. ವೆಲ್ಸ್.

1862ರ ಜುಲೈ 16ರಂದು ಮಿಸ್ಸಿಸ್ಸಿಪ್ಪಿಯ ಹಾಲಿ ಸ್ಪ್ರಿಂಗ್ಸ್‌ನಲ್ಲಿ ಗುಲಾಮ ದಂಪತಿಯ ಮಗಳಾಗಿ ಹುಟ್ಟಿದ ಐಡಾ, 1878ರಲ್ಲಿ ಹಳದಿ ಜ್ವರಕ್ಕೆ ತಂದೆ-ತಾಯಿಯನ್ನು ಕಳೆದುಕೊಂಡರು. ತಮ್ಮ-ತಂಗಿಯರನ್ನು ಸಾಕಲು ಹದಿಹರೆಯದಲ್ಲೇ ಶಿಕ್ಷಕಿಯಾದರು.

ರೈಲ್ವೆ ಕಂಪನಿ ವಿರುದ್ಧ ಕೋರ್ಟ್ ಮೆಟ್ಟಿಲೇರಿದ ಅವರಿಗೆ 1884ರಲ್ಲಿ 500 ಡಾಲರ್ ಪರಿಹಾರದ ತೀರ್ಪು ಸಿಕ್ಕಿತು. 1887ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. ಆಕೆಗೆ ಬೇಕಿದ್ದದ್ದು ಆಸನವಲ್ಲ, ಕಿರುಕುಳ ಕೊಡುವುದೇ ಉದ್ದೇಶ ಎಂದಿತು. ಆದ ಅನ್ಯಾಯ ಪಕ್ಕಕ್ಕೆ ಸರಿಯಿತು. ದೂರು ಕೊಟ್ಟವರೇ ಆರೋಪಿಯಂತಾದರು.

1892ರ ಮಾರ್ಚ್‌ನಲ್ಲಿ ಮೆಂಫಿಸ್ ನಗರದಲ್ಲಿ ಅವರ ಸ್ನೇಹಿತ, ದಿನಸಿ ಅಂಗಡಿಯ ಥಾಮಸ್ ಮಾಸ್ ಸೇರಿದಂತೆ ಮೂವರನ್ನು ಬಿಳಿಯರ ಗುಂಪು ಜೈಲಿನಿಂದ ಎಳೆದೊಯ್ದು ಕೊಂದಿತು. ಇಂಥ ಗುಂಪು ಹತ್ಯೆಗಳನ್ನು ಯಾರಾದರೂ ಪ್ರಶ್ನಿಸಿದರೆ, ಸತ್ತವರು ಅತ್ಯಾಚಾರಿಗಳು ಎಂಬ ಸಿದ್ಧ ಉತ್ತರ ಬರುತ್ತಿತ್ತು. ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಆ ಉತ್ತರವೇ ಸುಳ್ಳು ಎಂದು ಐಡಾ ತಮ್ಮ ಪತ್ರಿಕೆಯಲ್ಲಿ ಬರೆದರು. ಮೇ ತಿಂಗಳಲ್ಲಿ ಪತ್ರಿಕಾ ಕಚೇರಿಯನ್ನೇ ಧ್ವಂಸ ಮಾಡಲಾಯಿತು. ಊರಿಗೆ ಮರಳಿದರೆ ಕೊಲ್ಲುವುದಾಗಿ ಬೆದರಿಕೆ ಬಂತು. ಐಡಾ ಸುಮ್ಮನಾಗಲಿಲ್ಲ. ಬಿಳಿಯರ ಪತ್ರಿಕೆಯಾದ ಚಿಕಾಗೋ ಟ್ರಿಬ್ಯೂನ್‌ನ ಪಟ್ಟಿಗಳನ್ನೇ ಹಿಡಿದು ಲೆಕ್ಕ ಹಾಕಿದರು. 728 ಹತ್ಯೆಗಳಲ್ಲಿ ಅತ್ಯಾಚಾರದ ಆರೋಪವಾದರೂ ಇದ್ದದ್ದು ಮೂರನೇ ಒಂದು ಭಾಗದಷ್ಟರಲ್ಲಿ ಮಾತ್ರ ಎಂದು ಅದೇ ವರ್ಷ ಕಿರುಪುಸ್ತಕದಲ್ಲಿ ತೋರಿಸಿದರು.

ಬ್ರಿಟನ್‌ಗೆ ಹೋಗಿ ಈ ಹತ್ಯೆಗಳ ಬಗ್ಗೆ ಭಾಷಣ ಮಾಡಿದಾಗ, 1894ರಲ್ಲಿ ನ್ಯೂಯಾರ್ಕ್ ಟೈಮ್ಸ್ ಅವರನ್ನು ಕೊಳಕು ಮನಸ್ಸಿನ ನಿಂದಕಿ ಎಂದು ಜರಿಯಿತು. ಮತ್ತೆ ಅದೇ ದಾರಿ. ಹತ್ಯೆಯ ಬದಲು ಹೇಳಿದವರ ಗುಣವೇ ಚರ್ಚೆಯ ವಿಷಯವಾಯಿತು. ಐಡಾ 1895ರಲ್ಲಿ 'ದಿ ರೆಡ್ ರೆಕಾರ್ಡ್' ಪ್ರಕಟಿಸಿ, ಹತರಾದವರ ಹೆಸರು, ಸ್ಥಳ, ಹೊರಿಸಿದ ಆರೋಪಗಳನ್ನು ಮತ್ತೊಮ್ಮೆ ಪಟ್ಟಿ ಮಾಡಿ ಓದುಗರ ಮುಂದಿಟ್ಟರು.

1931ರ ಮಾರ್ಚ್ 25ರಂದು ಚಿಕಾಗೋದಲ್ಲಿ ಅವರು ನಿಧನರಾದರು. ಅವರ ವರದಿಗಾರಿಕೆಗೆ ಪುಲಿಟ್ಜರ್ ಮಂಡಳಿಯ ವಿಶೇಷ ಗೌರವ ಸಂದದ್ದು 2020ರಲ್ಲಿ. ಅದಕ್ಕೂ ಎರಡು ವರ್ಷ ಮೊದಲು ಅವರ ನಿಧನ ಲೇಖನವೊಂದು ಪ್ರಕಟವಾಗಿತ್ತು, 87 ವರ್ಷ ತಡವಾಗಿ. ಪ್ರಕಟಿಸಿದ್ದು ನ್ಯೂಯಾರ್ಕ್ ಟೈಮ್ಸ್.