ಕಾಲರಾದ ವಿಷವನ್ನು ಪತ್ತೆ ಹಚ್ಚಿದ ಶಂಭುನಾಥ ಡೇ

ಆವರಗೆರೆಯಲ್ಲಾಗಲಿ ಹರಿಹರದಲ್ಲಾಗಲಿ ಮಗುವಿಗೆ ವಾಂತಿಭೇದಿ ಶುರುವಾದರೆ ಆಶಾ ಕಾರ್ಯಕರ್ತೆ ಓ.ಆರ್.ಎಸ್. ಪೊಟ್ಟಣ ಕೊಡುತ್ತಾರೆ. ಅದರಲ್ಲಿರುವುದು ಗ್ಲೂಕೋಸ್, ಅಡುಗೆ ಉಪ್ಪು ಮತ್ತು ಇನ್ನೆರಡು ಲವಣಗಳು, ಅಷ್ಟೇ. ಭೇದಿಯಾದಾಗ ಕರುಳಿನಲ್ಲಿ ನಿಜವಾಗಿ ಏನಾಗುತ್ತದೆ? ಕಾಲರಾದ ವಿಷಯದಲ್ಲಿ ಇದಕ್ಕೆ ಉತ್ತರದ ದಾರಿ ತೋರಿದವರು ಕೊಲ್ಕತ್ತದ ವೈದ್ಯ ಶಂಭುನಾಥ ಡೇ.

ಡೇ ಅವರು ಹುಟ್ಟಿದ್ದು 1915ರ ಫೆಬ್ರವರಿ 1ರಂದು, ಬಂಗಾಳದ ಹೂಗ್ಲಿ ಜಿಲ್ಲೆಯ ಗರಿಬಾಟಿ ಎಂಬ ಹಳ್ಳಿಯಲ್ಲಿ. ಮನೆಯಲ್ಲಿ ಬಡತನ. ವಿದ್ಯಾರ್ಥಿವೇತನದ ನೆರವಿನಿಂದ ಓದಿ ವೈದ್ಯರಾದರು. ಲಂಡನ್ನಿನಲ್ಲಿ ಸಂಶೋಧನೆ ಮಾಡಿ 1949ರಲ್ಲಿ ಊರಿಗೆ ಮರಳಿದರು.

ಆಗ ಕೊಲ್ಕತ್ತದಲ್ಲಿ ಕಾಲರಾ ಪದೇ ಪದೇ ಹಬ್ಬುತ್ತಿತ್ತು. ಅದರ ರೋಗಾಣುವನ್ನು ರಾಬರ್ಟ್ ಕಾಖ್ 1884ರಲ್ಲಿ ಅದೇ ನಗರದಲ್ಲಿ ಗುರುತಿಸಿದ್ದರು. ರೋಗಾಣು ಒಂದು ವಿಷವನ್ನು ಸ್ರವಿಸುತ್ತದೆ ಎಂದೂ ಅವರು ಊಹಿಸಿದ್ದರು. ಆದರೆ ಆ ವಿಷ ಯಾರ ಕೈಗೂ ಸಿಕ್ಕಿರಲಿಲ್ಲ. ಅನೇಕರು ರೋಗಾಣುವನ್ನು ಪ್ರಾಣಿಗಳ ರಕ್ತಕ್ಕೋ ಹೊಟ್ಟೆಯ ಪೊಳ್ಳಿಗೋ ಚುಚ್ಚಿ ಪರೀಕ್ಷಿಸುತ್ತಿದ್ದರು. ಕಾಯಿಲೆ ಇರುವುದು ಕರುಳಿನಲ್ಲಿ, ಹುಡುಕಾಟ ಬೇರೆಲ್ಲೋ!

ಡೇ ಅವರು ಮೊಲದ ಸಣ್ಣ ಕರುಳಿನ ಒಂದು ತುಂಡನ್ನು ಎರಡೂ ಕಡೆ ದಾರದಿಂದ ಕಟ್ಟಿ, ನಡುವಿನ ಭಾಗಕ್ಕೆ ರೋಗಾಣುಗಳನ್ನು ಸೇರಿಸಿದರು. ಮರುದಿನ ನೋಡಿದರೆ ಆ ತುಂಡು ನೀರು ತುಂಬಿ ಉಬ್ಬಿತ್ತು. ಇದು 1953ರಲ್ಲಿ ಪ್ರಕಟವಾಯಿತು. ಆಮೇಲೆ ರೋಗಾಣು ಬೆಳೆದ ದ್ರವವನ್ನು ಸೋಸಿ, ಒಂದೂ ರೋಗಾಣು ಇಲ್ಲದಂತೆ ಮಾಡಿ, ಆ ತಿಳಿಯನ್ನಷ್ಟೇ ಸೇರಿಸಿದರು. ಆಗಲೂ ಕರುಳು ಉಬ್ಬಿತು! ಹಾಗಾದರೆ ಕೆಲಸ ಮಾಡಿದ್ದು ದ್ರವದಲ್ಲಿದ್ದ ವಿಷ. 1959ರಲ್ಲಿ ನೇಚರ್ ಪತ್ರಿಕೆಯಲ್ಲಿ ಇದು ಅಚ್ಚಾಯಿತು. ದುಬಾರಿ ಉಪಕರಣವಿಲ್ಲದೆ ಮಾಡಿದ ಈ ಪ್ರಯೋಗ ನನಗಂತೂ ಬಹಳ ಇಷ್ಟ.

ವಿಷ ಮಾಡುವುದೇನು ಎಂಬುದನ್ನು ಮುಂದೆ ಬೇರೆ ವಿಜ್ಞಾನಿಗಳು ಬಿಡಿಸಿದರು. ಕರುಳಿನ ಒಳಗೋಡೆಯಲ್ಲಿ ಜೀವಕೋಶಗಳ ಒಂದು ಪದರವಿದೆ. ಪ್ರತಿ ಕೋಶದ ಪೊರೆಯಲ್ಲಿ ಲವಣಗಳು ಓಡಾಡಲು ಪುಟ್ಟ ಬಾಗಿಲುಗಳಿವೆ. ಕಾಲರಾ ವಿಷವು ಕ್ಲೋರೈಡ್ ಹೊರಹೋಗುವ ಬಾಗಿಲನ್ನು ಮುಚ್ಚದಂತೆ ಮಾಡುತ್ತದೆ. ಕ್ಲೋರೈಡಿನ ಹಿಂದೆ ಸೋಡಿಯಂ, ಅವೆರಡರ ಹಿಂದೆ ನೀರು. ಸೌತೆಕಾಯಿ ಹೋಳಿಗೆ ಉಪ್ಪು ಸವರಿದರೆ ನೀರು ಬಿಡುವುದನ್ನು ನೀವು ನೋಡಿದ್ದೀರಲ್ಲವೇ? ಉಪ್ಪು ಹೆಚ್ಚಿರುವ ಕಡೆಗೆ ನೀರು ಹೀಗೆ ಸಾಗುವುದೇ ಅಭಿಸರಣೆ. ಕಾಲರಾ ತೀವ್ರವಾದರೆ ದಿನಕ್ಕೆ 10 ಲೀಟರಿಗೂ ಹೆಚ್ಚು ನೀರು ದೇಹದಿಂದ ಹೋಗಬಹುದು.

ಆದರೂ ಕೋಶಗಳು ಸತ್ತಿರುವುದಿಲ್ಲ. ಸೋಡಿಯಂ ಮತ್ತು ಗ್ಲೂಕೋಸ್ ಜೊತೆಯಾಗಿ ಒಳಬರುವ ಇನ್ನೊಂದು ಬಾಗಿಲು ಚೆನ್ನಾಗಿಯೇ ಕೆಲಸ ಮಾಡುತ್ತಿರುತ್ತದೆ. ಅವು ಒಳಗೆ ಬಂದರೆ ನೀರೂ ಬರುತ್ತದೆ. ಪೊಟ್ಟಣದಲ್ಲಿ ಉಪ್ಪಿನೊಡನೆ ಗ್ಲೂಕೋಸ್ ಇರುವುದು ಇದಕ್ಕಾಗಿ, ರುಚಿಗಾಗಿ ಅಲ್ಲ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ದಿಲೀಪ್ ಮಹಲನಬೀಸ್ ಅವರು ಇಂಥ ದ್ರಾವಣ ಕುಡಿಸಿದಾಗ, ಸಾಯುವವರ ಪ್ರಮಾಣ ನೂರಕ್ಕೆ 30ರ ಆಸುಪಾಸಿನಿಂದ 4ಕ್ಕೂ ಕಡಿಮೆಗೆ ಇಳಿಯಿತು.

ಡೇ ಅವರಿಗೆ ನಮ್ಮ ದೇಶದಲ್ಲಿ ದೊಡ್ಡ ಗೌರವ ಯಾವುದೂ ಸಿಗಲಿಲ್ಲ. ನೊಬೆಲ್ ವಿಜೇತ ಜೋಶುವಾ ಲೆಡರ್‌ಬರ್ಗ್ ಅವರ ಹೆಸರನ್ನು ಆ ಪ್ರಶಸ್ತಿಗೆ ಸೂಚಿಸಿದ್ದರು, ಅದೂ ಬರಲಿಲ್ಲ. 1973ರಲ್ಲಿ ನಿವೃತ್ತರಾದ ಅವರು 1985ರಲ್ಲಿ ತೀರಿಕೊಂಡರು. ಐದು ವರ್ಷಗಳ ನಂತರ, 1990ರಲ್ಲಿ, ಬೆಂಗಳೂರಿನಿಂದ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆ ಅವರ ಕೆಲಸಕ್ಕಾಗಿಯೇ ಒಂದು ವಿಶೇಷ ಸಂಚಿಕೆ ತಂದಿತು.